ಸುಳಿಗೆ ಹೆಸರು ಬಿಟ್ಟುಹೋದವರು

ಮೊದಲ ಸಲ ಆ ಶಬ್ದ ಕಣ್ಣಿಗೆ ಬಿದ್ದಾಗ ನಾನದನ್ನು ಸ್ಕೈರ್ಮಿಯಾನ್ ಎಂದು ಓದಿಕೊಂಡಿದ್ದೆ. ಸ್ಕೈ ಎಂದರೆ ಆಕಾಶ, ಹಾಗಾಗಿ ಗ್ರಹ ನಕ್ಷತ್ರಗಳ ವಿಷಯ ಇರಬೇಕು ಎಂದು ಖುಷಿಯೂ ಆಗಿತ್ತು. ಎಂ.ಎಸ್ಸಿ. ಭೌತಶಾಸ್ತ್ರದ ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಹಂಚಿದಾಗ ನನ್ನ ಪಾಲಿಗೆ ಬಂದ ವಿಷಯ ಅದು. ತೆಳ್ಳಗಿನ ಕಾಂತೀಯ ಪದರದಲ್ಲಿ ಸ್ಕರ್ಮಿಯಾನ್ ಎಂಬ ರಚನೆಯನ್ನು ಕಂಪ್ಯೂಟರ್ ಸಿಮ್ಯುಲೇಶನ್ ಮೂಲಕ ರೂಪಿಸಬೇಕಿತ್ತು. ಅದು ಆಕಾಶವಲ್ಲ, ಒಬ್ಬ ಮನುಷ್ಯನ ಹೆಸರು ಎಂದು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು. ಹೆಸರು ಟೋನಿ ಸ್ಕರ್ಮ್. ತೀರಿಕೊಂಡದ್ದು 1987ರಲ್ಲಿ, ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು.

ನಾನು ಕಡಬದ ಹತ್ತಿರದ ಹಳ್ಳಿಯವನು. ಡಿಗ್ರಿ ಮಾಡಿದ್ದು ಪುತ್ತೂರಿನಲ್ಲಿ. ಎಂ.ಎಸ್ಸಿ. ಮುಗಿದ ಮೇಲೆ ಊರಿನಲ್ಲೇ ಇದ್ದೇನೆ. ಬ್ಯಾಂಕ್ ಪರೀಕ್ಷೆ, ಶಿಕ್ಷಕರ ಅರ್ಹತಾ ಪರೀಕ್ಷೆ, ಎನ್‌ಇಟಿ ಎಲ್ಲವನ್ನೂ ಸರದಿಯಲ್ಲಿ ಬರೆಯುತ್ತಿದ್ದೇನೆ. ಮದುವೆ, ಪೂಜೆಗಳಿಗೆ ಹೋದರೆ ಎಂತ ಮಾಡ್ತಾ ಇದ್ದಿ ಎಂದು ಕೇಳದವರಿಲ್ಲ. ಸ್ಕರ್ಮಿಯಾನ್ ಮಾಡ್ತಾ ಇದ್ದೇನೆ ಎಂದು ಹೇಳಲಿಕ್ಕಾಗುತ್ತದೆಯೇ? ಪರೀಕ್ಷೆಗೆ ಓದ್ತಾ ಇದ್ದೇನೆ ಎಂದು ಹೇಳಿ ಊಟದ ಪಂಕ್ತಿಗೆ ನುಸುಳಿಬಿಡುತ್ತೇನೆ. ಆದರೆ ಪ್ರಾಜೆಕ್ಟ್ ಮುಗಿದು ಅಂಕ ಬಂದರೂ ಆ ಸಿಮ್ಯುಲೇಶನ್ ನನ್ನನ್ನು ಬಿಟ್ಟಿಲ್ಲ. ಅದಕ್ಕೆ ಅರ್ಧ ಕಾರಣ ಆ ವಿಷಯ, ಇನ್ನರ್ಧ ಕಾರಣ ಈ ಮನುಷ್ಯ.

ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಅಯಸ್ಕಾಂತದೊಳಗೆ ಪ್ರತಿ ಪರಮಾಣುವೂ ಒಂದು ಪುಟ್ಟ ಬಾಣದ ಹಾಗೆ. ತೆಳು ಪದರದಲ್ಲಿ ಬಾಣಗಳೆಲ್ಲ ಮೇಲ್ಮುಖವಾಗಿ ನಿಂತಿವೆ ಎಂದುಕೊಳ್ಳಿ. ನಡುವೆ ಒಂದು ಚುಕ್ಕಿಯಷ್ಟು ಜಾಗದಲ್ಲಿ ಬಾಣ ಕೆಳಮುಖವಾಗಿದೆ. ಆ ಕೆಳಮುಖದಿಂದ ಸುತ್ತಲಿನ ಮೇಲ್ಮುಖಕ್ಕೆ ಬಾಣಗಳು ಒಂದೇ ರೀತಿಯಲ್ಲಿ ತಿರುಗುತ್ತಾ, ಎಲ್ಲೂ ಕಡಿಯದೆ ಸೇರಿಕೊಳ್ಳುತ್ತವೆ. ಆ ಇಡೀ ತಿರುವೇ ಸ್ಕರ್ಮಿಯಾನ್. ಗಾತ್ರ ಕೆಲವು ನ್ಯಾನೊಮೀಟರಿನಿಂದ ಕೆಲವು ನೂರು ನ್ಯಾನೊಮೀಟರಿನವರೆಗೆ. ನಮ್ಮ ತಲೆಯ ಸುಳಿಯನ್ನು ನೆನಪು ಮಾಡಿಕೊಳ್ಳಿ. ಎಷ್ಟು ಎಣ್ಣೆ ಹಚ್ಚಿ ಹೇಗೆ ಬಾಚಿದರೂ ಸುಳಿ ಹೋಗುವುದಿಲ್ಲ, ಅತ್ತ ಇತ್ತ ಸರಿಯುತ್ತದೆ ಅಷ್ಟೆ. ಹೋಲಿಕೆ ಪೂರ್ತಿ ಸರಿಯಲ್ಲ, ಸುಳಿಯ ನಡುವೆ ಕೂದಲಿಗೆ ದಿಕ್ಕೇ ಇಲ್ಲ, ಸ್ಕರ್ಮಿಯಾನಿನ ನಡುವೆ ದಿಕ್ಕಿದೆ. ಆದರೆ ಬಾಚಿ ತೆಗೆಯಲಾಗದ ಗುಣ ಎರಡಕ್ಕೂ ಇದೆ. ಈ ಗುಣವನ್ನೇ ಟೋಪಾಲಜಿ ಎನ್ನುವುದು. ಹೀಗೆ ಸುಲಭಕ್ಕೆ ಅಳಿಯದ ಸುಳಿಯನ್ನು ಕಂಪ್ಯೂಟರಿನ ಮಾಹಿತಿಯ ಒಂದು ಬಿಟ್ ಆಗಿ ಬಳಸಬಹುದೇ ಎಂದು ಜಗತ್ತಿನ ಹಲವು ಪ್ರಯೋಗಾಲಯಗಳು ನೋಡುತ್ತಿವೆ.

ನನ್ನ ತೊಂದರೆ ಏನೆಂದರೆ, ಅಳಿಯಬಾರದ ಆ ಸುಳಿ ನನ್ನ ಲ್ಯಾಪ್‌ಟಾಪಿನಲ್ಲಿ ಅಳಿಯುತ್ತಿತ್ತು. ಒಮ್ಮೆ ಇರುತ್ತದೆ, ಇನ್ನೊಮ್ಮೆ ಅದೇ ಸಂಖ್ಯೆಗಳನ್ನು ಹಾಕಿ, ಲೆಕ್ಕ ಬೇಗ ಮುಗಿಯಲಿ ಎಂದು ಪದರವನ್ನು ದೊಡ್ಡ ಕೋಶಗಳಾಗಿ ಒಡೆದರೆ ಮಾಯ. ಹತಾಶನಾಗಿ, ಮೂಲದಲ್ಲಿ ಇದನ್ನು ಯಾರು ಹೇಳಿದರು ಎಂದು ಹುಡುಕಲು ಹೊರಟೆ. ಹಾಗೆ ಸಿಕ್ಕವರು ಸ್ಕರ್ಮ್.

ಟೋನಿ ಹಿಲ್ಟನ್ ರಾಯ್ಲ್ ಸ್ಕರ್ಮ್ ಹುಟ್ಟಿದ್ದು 1922ರ ಡಿಸೆಂಬರ್ 5ರಂದು, ಲಂಡನ್ನಿನ ಲೂಯಿಶಮ್‌ನಲ್ಲಿ. ತಂದೆ ಬ್ಯಾಂಕಿನಲ್ಲಿ ಗುಮಾಸ್ತ. ದೊಡ್ಡ ಮನೆತನವಲ್ಲ. ಆದರೆ ತಾಯಿಯ ಕಡೆಯಲ್ಲಿ ಒಬ್ಬ ಮುತ್ತಜ್ಜನಿದ್ದರು, ಎಡ್ವರ್ಡ್ ರಾಬರ್ಟ್ಸ್. ಅವರ ಕಥೆ ಓದುವಾಗ ಕರಾವಳಿಯವನಾದ ನಾನು ಎದ್ದು ಕೂತೆ. ಏಕೆಂದರೆ ಅವರ ಕಸುಬು ಸಮುದ್ರದ ಉಬ್ಬರ ಇಳಿತದ ಲೆಕ್ಕ. ಲಾರ್ಡ್ ಕೆಲ್ವಿನ್ ರೂಪಿಸಿದ ದಾರಿಯಲ್ಲಿ ಗಾಲಿ, ರಾಟೆ, ತಂತಿಗಳನ್ನು ಜೋಡಿಸಿ, ಹಿಡಿ ತಿರುಗಿಸಿದರೆ ಮುಂದಿನ ವರ್ಷದ ಉಬ್ಬರ ಇಳಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆದುಕೊಡುವ ಯಂತ್ರಗಳನ್ನು ಅವರು ಕಟ್ಟಿಸಿದರು. ಅವುಗಳಲ್ಲಿ 1879ರ ಯಂತ್ರ ತಯಾರಾದದ್ದೇ ಇಂಡಿಯಾ ಆಫೀಸಿಗಾಗಿ, ಭಾರತದ ಬಂದರುಗಳ ಉಬ್ಬರದ ವೇಳಾಪಟ್ಟಿ ಮಾಡುವುದಕ್ಕಾಗಿ. ನಮ್ಮ ಕಡೆಯ ಸಮುದ್ರದ ಏರಿಳಿತವನ್ನು ಲಂಡನ್ನಿನಲ್ಲಿ ಕೂತು ಹಿತ್ತಾಳೆಯ ಚಕ್ರಗಳು ಲೆಕ್ಕ ಹಾಕುತ್ತಿದ್ದವು!

ರಾಬರ್ಟ್ಸ್ 1906ರಲ್ಲಿ ತಮ್ಮದೇ ಒಂದು ಯಂತ್ರ ಮಾಡಿಸಿಕೊಂಡರು. ಅದು ಮನೆಯಲ್ಲೇ ಇತ್ತು. ಪುಟ್ಟ ಟೋನಿ ಅದನ್ನು ನೋಡಿದ. 1929ರಲ್ಲಿ ಯಂತ್ರ ಲಿವರ್‌ಪೂಲಿನ ಉಬ್ಬರ ಇಳಿತ ಸಂಸ್ಥೆಗೆ ಮಾರಾಟವಾದಾಗ ಅವನಿಗೆ ಆರು ವರ್ಷ. ಅಷ್ಟರೊಳಗೆ ಅದು ಅವನ ತಲೆಯಲ್ಲಿ ಕೂತಾಗಿತ್ತು. ಹತ್ತಾರು ಚಕ್ರಗಳು ಬೇರೆಬೇರೆ ವೇಗದಲ್ಲಿ ಸುತ್ತಿ, ಕೊನೆಗೆ ಒಂದೇ ಗೆರೆ ಬರುತ್ತದೆ, ಆ ಗೆರೆಯಂತೆಯೇ ಸಮುದ್ರ ಏರುತ್ತದೆ. ತನ್ನ ಯೋಚನೆಯ ಬೇರುಗಳನ್ನು ಹುಡುಕುತ್ತಾ ಅರವತ್ತು ದಾಟಿದ ಮೇಲೆ ಸ್ಕರ್ಮ್ ಆ ಯಂತ್ರವನ್ನೇ ನೆನೆದರು. ಜೊತೆಗೆ ಕೆಲ್ವಿನ್ನರ ಇನ್ನೊಂದು ಹಳೆಯ ಯೋಚನೆಯನ್ನೂ ನೆನೆದರು. ಪರಮಾಣು ಎಂದರೆ ಗಟ್ಟಿ ಗೋಲಿಯಲ್ಲ, ಎಲ್ಲೆಡೆ ತುಂಬಿದ ದ್ರವದಲ್ಲಿನ ಸುಳಿ ಎಂದು ಕೆಲ್ವಿನ್ 1867ರಲ್ಲಿ ಹೇಳಿದ್ದರು. ಅದು ತಪ್ಪಾಗಿತ್ತು. ಆದರೆ ಸ್ಕರ್ಮ್‌ಗೆ ಅದರ ಚಂದ ಬಿಟ್ಟುಹೋಗಲಿಲ್ಲ.

ಹುಡುಗ ಗಣಿತದಲ್ಲಿ ಜಾಣ. ಸ್ಕಾಲರ್‌ಶಿಪ್ ಪಡೆದು ಈಟನ್ ಶಾಲೆಗೆ, ಅಲ್ಲಿಂದ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹೋದ. ಓದು ಮುಗಿಯುವಾಗ ಎರಡನೆಯ ಮಹಾಯುದ್ಧ ಜೋರಾಗಿತ್ತು. ಅವರನ್ನು ರುಡಾಲ್ಫ್ ಪೈಯರ್ಲ್ಸ್ ಅವರ ಗುಂಪಿಗೆ ಸೇರಿಸಿದರು. ಅದು ಬ್ರಿಟನ್ನಿನ ಪರಮಾಣು ಬಾಂಬಿನ ಕೆಲಸ. ನ್ಯೂಯಾರ್ಕ್, ಆಮೇಲೆ ಲಾಸ್ ಅಲಾಮೊಸ್. ಮುಂದೆ ರಷ್ಯಾಕ್ಕೆ ಗುಟ್ಟು ಕೊಟ್ಟವನೆಂದು ಸಿಕ್ಕಿಬಿದ್ದ ಕ್ಲಾಸ್ ಫುಕ್ಸ್ ಕೂಡ ಅದೇ ಗುಂಪಿನಲ್ಲಿದ್ದ. ಲಾಸ್ ಅಲಾಮೊಸ್‌ನಲ್ಲಿ ಸ್ಕರ್ಮ್ ಮಾಡಿದ್ದು ಐಬಿಎಂ ಪಂಚ್ ಕಾರ್ಡ್ ಯಂತ್ರಗಳಲ್ಲಿ ಲೆಕ್ಕ. ಪ್ಲುಟೋನಿಯಮ್ ಉಂಡೆಯನ್ನು ಸುತ್ತಲಿಂದ ಸ್ಫೋಟಿಸಿ ಒಳಕ್ಕೆ ಒತ್ತಿದರೆ ಅಲೆ ಹೇಗೆ ಕುಗ್ಗುತ್ತದೆ ಎಂಬುದನ್ನು ರಟ್ಟಿನ ಕಾರ್ಡುಗಳ ರಾಶಿಯಿಂದ, ಹೆಜ್ಜೆ ಹೆಜ್ಜೆಯಾಗಿ ಕಂಡುಹಿಡಿಯುವುದು. ಅಂದರೆ ಸಿಮ್ಯುಲೇಶನ್. ಆ ಬಗೆಯ ಬಾಂಬು 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಿತ್ತು. ಆಗ ಅವರಿಗೆ 22 ವರ್ಷ, ನಾನು ಎಂ.ಎಸ್ಸಿ.ಗೆ ಸೇರಿದ ವಯಸ್ಸು.

ಈ ಭಾಗವನ್ನು ಓದಿ ಸುಮ್ಮನೆ ದಾಟಿಹೋಗಲು ನನಗೆ ಆಗಲಿಲ್ಲ. ನಾವು ಸಿಮ್ಯುಲೇಶನ್ ಎಂದರೆ ಪರದೆಯ ಮೇಲಿನ ಬಣ್ಣ ಎಂದುಕೊಳ್ಳುತ್ತೇವೆ. ಅವರ ಮೊದಲ ದೊಡ್ಡ ಸಿಮ್ಯುಲೇಶನ್‌ಗೆ ಒಂದು ಊರೇ ಉತ್ತರವಾಯಿತು. ಅದರ ನಂತರ ಅವರು ಬಾಂಬಿನ ಕಡೆಗಲ್ಲ, ಪರಮಾಣುವಿನ ನಡುವಿರುವ ನ್ಯೂಕ್ಲಿಯಸ್ ಕಡೆಗೆ, ಅದು ಯಾಕೆ ಹಾಗಿದೆ ಎಂಬ ಪ್ರಶ್ನೆಯ ಕಡೆಗೆ ತಿರುಗಿದರು ಎಂಬುದು ಮಾತ್ರ ನನಗೆ ಗೊತ್ತು.

ಯುದ್ಧದ ನಂತರ ಬರ್ಮಿಂಗ್‌ಹ್ಯಾಮ್, ನಡುವೆ ಅಮೆರಿಕದ ಎಂಐಟಿ ಮತ್ತು ಪ್ರಿನ್ಸ್‌ಟನ್. 1949ರಲ್ಲಿ ಡೊರೊತಿ ಅವರೊಡನೆ ಮದುವೆ. ಅವರೂ ಭೌತಶಾಸ್ತ್ರದ ಅಧ್ಯಾಪಕಿ. 1950ರಲ್ಲಿ ಹಾರ್ವೆಲ್‌ನ ಪರಮಾಣು ಸಂಶೋಧನಾ ಕೇಂದ್ರ. ಅಲ್ಲಿ ಹನ್ನೆರಡು ವರ್ಷ. ಅವರು ಹೆಸರು ಮಾಡಬೇಕಾದ ಎರಡೂ ಕೆಲಸಗಳು ಆ ಹನ್ನೆರಡು ವರ್ಷದ ಒಳಗೇ ಆದವು. ಎರಡನ್ನೂ ಆ ಕಾಲಕ್ಕೆ ಹೆಚ್ಚಿನವರು ಗಮನಿಸಲಿಲ್ಲ ಎಂಬುದು ಬೇರೆ ಮಾತು. ಒಂದು, ನ್ಯೂಕ್ಲಿಯಸ್ಸಿನೊಳಗಿನ ಬಲಕ್ಕೆ ಅವರು ಕೊಟ್ಟ ಸರಳ ಸೂತ್ರ. 1972ರಲ್ಲಿ ಬೇರೆಯವರು ಅದನ್ನು ಕಂಪ್ಯೂಟರಿಗೆ ಹಾಕಿ ನೋಡಿದ ಮೇಲೆ ಅದು ಜನಪ್ರಿಯವಾಯಿತು, ಇವತ್ತಿಗೂ ಬಳಕೆಯಲ್ಲಿದೆ.

ಇನ್ನೊಂದೇ ನನ್ನ ವಿಷಯ. ಪ್ರೋಟಾನ್, ನ್ಯೂಟ್ರಾನ್‌ಗಳನ್ನು ಚುಕ್ಕಿಗಳೆಂದು ಹಿಡಿದು ಲೆಕ್ಕ ಮಾಡುವುದು ಸ್ಕರ್ಮ್‌ಗೆ ಹಿಡಿಸಲಿಲ್ಲ. ಅವುಗಳ ಸುತ್ತ ಹರಡಿರುವ ಪಯಾನ್ ಎಂಬ ಕ್ಷೇತ್ರವೇ ಮೂಲ, ಆ ಕ್ಷೇತ್ರದಲ್ಲಿ ಬಿದ್ದ ಒಂದು ತಿರುವೇ ಪ್ರೋಟಾನ್ ಎಂದರೆ ಹೇಗೆ? ತಿರುವು ಬಿಚ್ಚಲಾಗದ್ದಾದರೆ ಪ್ರೋಟಾನ್ ಅಳಿಯದೆ ಉಳಿಯುವುದಕ್ಕೂ ಬೇರೆ ಕಾರಣ ಬೇಡ. ಎಷ್ಟು ತಿರುವೋ ಅಷ್ಟು ಕಣ. ಉಲ್ಟಾ ತಿರುವು ಪ್ರತಿಕಣ. ಕೆಲ್ವಿನ್ನರ ಸುಳಿ ತೊಂಬತ್ತು ವರ್ಷದ ಮೇಲೆ ಬೇರೆ ವೇಷದಲ್ಲಿ ಬಂದಿತ್ತು.

ಮೂರು ಆಯಾಮದ ಸಮೀಕರಣ ಕಷ್ಟ. ಆದ್ದರಿಂದ ಮೊದಲು ಒಂದು ಆಯಾಮದ ಆಟಿಕೆ ತೆಗೆದುಕೊಂಡರು. ಇದನ್ನು ನಾನು ಮನೆಯಂಗಳದಲ್ಲೇ ಮಾಡಿ ನೋಡಿದ್ದೇನೆ. ಬಟ್ಟೆ ಒಣಗಿಸುವ ಹಗ್ಗಕ್ಕೆ ಸಾಲಾಗಿ ಕಡ್ಡಿಗಳನ್ನು ಬಿಗಿಯಾಗಿ ಕಟ್ಟಿ, ತುದಿಗೆ ಸಣ್ಣ ಭಾರ ಹಾಕಿ ತೂಗಿಬಿಡಿ. ಎಲ್ಲವೂ ಕೆಳಗೆ ನೇತಾಡುತ್ತವೆ. ಈಗ ಒಂದು ತುದಿಯ ಕಡ್ಡಿಯನ್ನು ಹಗ್ಗದ ಸುತ್ತ ಒಂದು ಪೂರ್ತಿ ಸುತ್ತು ತಿರುಗಿಸಿ. ಕಡ್ಡಿಗಳು ಒಂದೊಂದಾಗಿ ಎದ್ದು, ತಲೆಕೆಳಗಾಗಿ, ಮತ್ತೆ ಇಳಿಯುವ ಒಂದು ತಿರುವು ಹಗ್ಗದ ಮೇಲೆ ನಿಲ್ಲುತ್ತದೆ. ಆ ತಿರುವನ್ನು ಅತ್ತಿತ್ತ ಓಡಿಸಬಹುದು. ತುದಿಯಿಂದ ಹೊರಗೆ ಹಾಕದೆ ಬಿಚ್ಚಲಾಗದು. (ನನ್ನ ಹಗ್ಗ ಸಡಿಲವಾಗಿದ್ದರಿಂದ ತಿರುವು ಹೆಚ್ಚು ಓಡಲಿಲ್ಲ. ಅಮ್ಮ ಒಗೆದ ಬಟ್ಟೆ ಹಿಡಿದು ಕಾಯುತ್ತಿದ್ದರು.)

ಇಂಥ ಎರಡು ತಿರುವುಗಳು ಎದುರುಬದುರಾಗಿ ಬಂದು ಡಿಕ್ಕಿಯಾದರೆ ಏನಾಗುತ್ತದೆ? ನುಚ್ಚುನೂರಾಗುತ್ತವೋ, ಒಂದಾಗುತ್ತವೋ? ಸಮೀಕರಣ ನೋಡಿದರೆ ತಿಳಿಯುವಂತಿರಲಿಲ್ಲ. ಸ್ಕರ್ಮ್ ಮತ್ತು ಸಹೋದ್ಯೋಗಿ ಜಾನ್ ಪೆರಿಂಗ್ ಅದನ್ನು ಕಂಪ್ಯೂಟರಿಗೆ ಕೊಟ್ಟರು. ಉತ್ತರ ಬಂತು. ಡಿಕ್ಕಿಯಾದ ತಿರುವುಗಳು ಏನೂ ಆಗದವರಂತೆ, ಅದೇ ಆಕಾರ, ಅದೇ ವೇಗದಲ್ಲಿ ಹೊರಬಂದಿದ್ದವು. ಯಂತ್ರ ಕೊಟ್ಟ ಅಂಕಿಗಳನ್ನು ನೋಡಿ ನೋಡಿ ಅದರ ಹಿಂದಿನ ನಿಖರವಾದ ಸೂತ್ರವನ್ನೂ ಅವರು ಹಿಡಿದರು. ಆ ಪ್ರಬಂಧ ಅಚ್ಚಾದದ್ದು 1962ರಲ್ಲಿ. ಇಂಥ ಅಲೆಗಳಿಗೆ ಸಾಲಿಟಾನ್ ಎಂಬ ಹೆಸರು ಬಂದದ್ದೇ ಮೂರು ವರ್ಷ ಬಿಟ್ಟು, 1965ರಲ್ಲಿ, ಅಮೆರಿಕದಲ್ಲಿ.

ನನಗೆ ಇಡೀ ಕಥೆಯಲ್ಲಿ ಮುಖ್ಯವಾಗಿ ಕಂಡದ್ದು ಇದೇ. ನಾನು ಸ್ಕರ್ಮ್ ಎಂದರೆ ಕಾಗದ ಪೆನ್ಸಿಲಿನ ಮೇಧಾವಿ, ನಾವು ಸಿಮ್ಯುಲೇಶನ್ ಮಾಡುವವರು ಎರಡನೆಯ ದರ್ಜೆಯವರು ಎಂದು ಭಾವಿಸಿದ್ದೆ. ಸಮೀಕರಣ ಬಿಡಿಸಲು ಬಾರದವರು ಮೌಸ್ ಹಿಡಿಯುತ್ತಾರೆ ಎಂದು ಹಾಸ್ಟೆಲಿನಲ್ಲಿ ತಮಾಷೆಯೂ ಇತ್ತು. ಆದರೆ ಉಬ್ಬರದ ಯಂತ್ರ, ಪಂಚ್ ಕಾರ್ಡ್, ಹಾರ್ವೆಲ್ಲಿನ ಕಂಪ್ಯೂಟರ್ ಎಲ್ಲದರಲ್ಲೂ ಈ ಮನುಷ್ಯ ಯಂತ್ರದ ಪಕ್ಕದಲ್ಲೇ ಇದ್ದಾರೆ. ಯಂತ್ರ ಕೊಟ್ಟದ್ದನ್ನು ಉತ್ತರ ಎಂದು ಅಲ್ಲಿಗೇ ಬಿಡಲಿಲ್ಲ ಎಂಬುದೊಂದೇ ವ್ಯತ್ಯಾಸ.

ಇದನ್ನು ಓದಿದ ಮೇಲೆ ನನ್ನ ಮಾಯವಾಗುವ ಸುಳಿಯನ್ನು ಮತ್ತೆ ನೋಡಿದೆ. ಪ್ರೋಗ್ರಾಮ್ ಪದರವನ್ನು ಚೌಕಟ್ಟು ಚೌಕಟ್ಟಾಗಿ ಒಡೆದು, ಪ್ರತಿ ಕೋಶಕ್ಕೆ ಒಂದು ಬಾಣ ಇಟ್ಟು ಲೆಕ್ಕ ಹಾಕುತ್ತದೆ. ನಾನು ಅವಸರಕ್ಕೆ 5 ನ್ಯಾನೊಮೀಟರಿನ ಕೋಶ ಇಟ್ಟಿದ್ದೆ. ಪ್ಲಾಟಿನಮ್ ಮೇಲಿನ ಕೋಬಾಲ್ಟ್ ಪದರಕ್ಕೆ ಸಾಮಾನ್ಯವಾಗಿ ಬಳಸುವ ಅಂಕಿಗಳನ್ನು ಹಾಕಿದರೆ ಬಾಣ ತಿರುಗುವ ಅಂಚಿನ ಅಳತೆಯೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಒಂದು ಕೋಶದಿಂದ ಪಕ್ಕದ ಕೋಶಕ್ಕೆ ಬಾಣ ನುಣ್ಣಗೆ ತಿರುಗುವ ಬದಲು ಹಾರುತ್ತಿತ್ತು, ಸುಳಿ ಬಲೆಯ ಕಣ್ಣಿನಿಂದ ಮೀನು ನುಸುಳಿದ ಹಾಗೆ ನುಸುಳುತ್ತಿತ್ತು. ಟೋಪಾಲಜಿಯ ರಕ್ಷಣೆ ಇರುವುದು ಎಲ್ಲೂ ಕಡಿಯದ ಕ್ಷೇತ್ರಕ್ಕೆ. ಪಕ್ಕದ ಬಾಣಗಳ ನಡುವಿನ ಅತಿ ದೊಡ್ಡ ಕೋನ ಎಷ್ಟೆಂದು ಪ್ರೋಗ್ರಾಮ್ ತಾನೇ ಬರೆದಿಡುತ್ತದೆ. ನಾನು ಆ ಸಾಲನ್ನು ಓದಿಯೇ ಇರಲಿಲ್ಲ. ಕೋಶವನ್ನು 1 ನ್ಯಾನೊಮೀಟರ್ ಮಾಡಿದೆ. ಸುಳಿ ನಿಂತಿತು. ಆದರೆ ಲ್ಯಾಪ್‌ಟಾಪ್ ಒಂದು ಲೆಕ್ಕಕ್ಕೆ ಇಡೀ ರಾತ್ರಿ ತೆಗೆದುಕೊಂಡಿತು.

ಮತ್ತೆ ಸ್ಕರ್ಮ್. 1962ರಲ್ಲಿ, ತಮ್ಮ ಜೀವನದ ಅತ್ಯುತ್ತಮ ಪ್ರಬಂಧಗಳು ಅಚ್ಚಾಗುತ್ತಿದ್ದ ಹೊತ್ತಿಗೇ, ಅವರು ಹಾರ್ವೆಲ್ ಬಿಟ್ಟು ಕೌಲಾಲಂಪುರದ ಮಲಯಾ ವಿಶ್ವವಿದ್ಯಾಲಯಕ್ಕೆ ಪಾಠ ಮಾಡಲು ಹೋದರು. ಎರಡು ವರ್ಷ ಅಲ್ಲಿ. 1964ರಲ್ಲಿ ಪೈಯರ್ಲ್ಸ್ ಬಿಟ್ಟ ಹುದ್ದೆಗೆ ಬರ್ಮಿಂಗ್‌ಹ್ಯಾಮಿಗೆ ಪ್ರೊಫೆಸರ್ ಆಗಿ ಬಂದರು. ಅದೇ ವರ್ಷ ಕ್ವಾರ್ಕ್ ಸಿದ್ಧಾಂತ ಬಂತು. ಪ್ರೋಟಾನಿನೊಳಗೆ ಮೂರು ಕ್ವಾರ್ಕ್ ಇದೆ ಎಂದ ಮೇಲೆ ತಿರುವು ಸುಳಿಗಳ ಮಾತು ಯಾರಿಗೆ ಬೇಕು? ಸ್ಕರ್ಮ್ ಅವರ ಪ್ರಬಂಧಗಳು ಲೈಬ್ರರಿಯ ಕಪಾಟಿನಲ್ಲಿ ಸುಮಾರು ಇಪ್ಪತ್ತು ವರ್ಷ ಹೆಚ್ಚುಕಡಿಮೆ ಮುಟ್ಟುವವರಿಲ್ಲದೆ ಕೂತವು. ಅವರು ಪಾಠ ಮಾಡುತ್ತಾ ಇದ್ದರು. ಪ್ರಬಂಧಗಳು ಕಡಿಮೆಯಾದವು. ಇಪ್ಪತ್ತು ವರ್ಷ ಎಂದು ಬರೆಯುವುದು ಸುಲಭ. ಎರಡು ವರ್ಷದಿಂದ ಫಲಿತಾಂಶದ ಪಟ್ಟಿಗಳನ್ನು ನೋಡುತ್ತಿರುವ ನನಗೆ ಅದರ ಉದ್ದ ಸ್ವಲ್ಪ ಗೊತ್ತಾಗುತ್ತದೆ.

1982-83ರ ಹೊತ್ತಿಗೆ ಗಾಳಿ ತಿರುಗಿತು. ಅಮೆರಿಕದ ಸಿರಾಕ್ಯೂಸ್‌ನಲ್ಲಿದ್ದ ಭಾರತೀಯ ವಿಜ್ಞಾನಿ ಎ.ಪಿ. ಬಾಲಚಂದ್ರನ್ ಮತ್ತು ಸಂಗಡಿಗರು ಸ್ಕರ್ಮ್ ಅವರ ಹಳೆಯ ಮಾದರಿಯನ್ನು ಕೈಗೆತ್ತಿಕೊಂಡರು. ಪ್ರಿನ್ಸ್‌ಟನ್ನಿನ ಎಡ್ವರ್ಡ್ ವಿಟನ್, ಕ್ವಾರ್ಕ್ ಸಿದ್ಧಾಂತದೊಳಗಿಂದಲೇ ಈ ತಿರುವು ಹೇಗೆ ಬರುತ್ತದೆಂದು ತೋರಿಸಿದರು. ಒಮ್ಮೆಲೆ ಎಲ್ಲರಿಗೂ ಸ್ಕರ್ಮಿಯಾನ್ ಬೇಕಾಯಿತು. 1984ರ ನವೆಂಬರಿನಲ್ಲಿ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ಅದರದ್ದೇ ಒಂದು ಕಾರ್ಯಾಗಾರ ನಡೆಯಿತು. ಸ್ಕರ್ಮ್ ಅಲ್ಲಿ ತಮ್ಮ ಯೋಚನೆ ಹುಟ್ಟಿದ ಬಗೆಯನ್ನು ಹೇಳಿದರು. ಮುತ್ತಜ್ಜನ ಯಂತ್ರ, ಕೆಲ್ವಿನ್ನರ ಸುಳಿ ಬಂದದ್ದು ಅಲ್ಲೇ. 1985ರಲ್ಲಿ ರಾಯಲ್ ಸೊಸೈಟಿ ಅವರಿಗೆ ಹ್ಯೂಸ್ ಪದಕ ಕೊಟ್ಟಿತು. ಆದರೆ ಅದೇ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿಕೊಳ್ಳಲೇ ಇಲ್ಲ. ಇದು ನನಗೆ ಇನ್ನೂ ಅರ್ಥವಾಗದ ಲೆಕ್ಕ. 1987ರ ಜೂನ್ 25ರಂದು, ಒಂದು ಶಸ್ತ್ರಚಿಕಿತ್ಸೆಯ ನಂತರ, ಬರ್ಮಿಂಗ್‌ಹ್ಯಾಮಿನಲ್ಲಿ ತೀರಿಕೊಂಡರು. 64 ವರ್ಷ.

ಅಯಸ್ಕಾಂತದ ಕಥೆ ಶುರುವಾದದ್ದು ಅದರ ನಂತರ. 1989ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಬೊಗ್ದಾನೊವ್ ಮತ್ತು ಯಾಬ್ಲೊನ್‌ಸ್ಕಿ ಕೆಲವು ಕಾಂತೀಯ ಹರಳುಗಳಲ್ಲಿ ಇಂಥ ಸುಳಿ ನಿಲ್ಲಬಹುದು ಎಂದು ಲೆಕ್ಕ ಹಾಕಿದರು. 2009ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮ್ಯಾಂಗನೀಸ್ ಸಿಲಿಸೈಡ್ ಎಂಬ ಹರಳಿಗೆ ನ್ಯೂಟ್ರಾನ್ ಹಾಯಿಸಿ ಅವು ಇರುವುದನ್ನು ಕಂಡುಕೊಂಡರು. 2010ರಲ್ಲಿ ಜಪಾನಿನ ತಂಡ ತೆಳು ಪದರದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಒಂದೊಂದು ಸುಳಿಯನ್ನೂ ಕಣ್ಣಿಗೆ ಕಾಣಿಸಿತು. ಮೊದಲು ಅತಿ ಶೀತದಲ್ಲಿ, ಕೆಲವೇ ವರ್ಷಗಳಲ್ಲಿ ಮಾಮೂಲಿ ಕೋಣೆಯ ಉಷ್ಣತೆಯಲ್ಲಿ. ಪ್ರೋಟಾನಿಗಾಗಿ ಯೋಚಿಸಿದ್ದು ಲೋಹದ ಹಾಳೆಯಲ್ಲಿ ಸಿಕ್ಕಿತು. ಸ್ಕರ್ಮ್ ತಮ್ಮ ಹೆಸರಿನ ಆ ಚುಕ್ಕಿಗಳನ್ನು ನೋಡಲೇ ಇಲ್ಲ.

ಈಗ ನಾನು ಮಾಡುತ್ತಿರುವುದು ಇಷ್ಟು. ನನ್ನ ಲ್ಯಾಪ್‌ಟಾಪಿಗೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು ಬಿಟ್ಟಿಯಾಗಿ ಕೊಟ್ಟಿರುವ ಮ್ಯೂಮ್ಯಾಕ್ಸ್ ಎಂಬ ಪ್ರೋಗ್ರಾಮಿಗೆ ಅದು ಬೇಕೇ ಬೇಕು. ಸುಳ್ಯದಲ್ಲಿ ಗೆಳೆಯನೊಬ್ಬ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತಾನೆ, ಅವನ ಕಂಪ್ಯೂಟರಿನಲ್ಲಿ ಒಳ್ಳೆಯ ಎನ್‌ವಿಡಿಯಾ ಕಾರ್ಡ್ ಇದೆ. ಹಗಲು ಅದರಲ್ಲಿ ಮದುಮಗಳು ನಿಧಾನಕ್ಕೆ ತಿರುಗಿ ನೋಡುತ್ತಾಳೆ, ರಾತ್ರಿ ನನ್ನ ಬಾಣಗಳು ತಿರುಗುತ್ತವೆ. ಪ್ಲಾಟಿನಮ್ ತನ್ನ ಮೇಲಿನ ಕೋಬಾಲ್ಟಿನ ಬಾಣಗಳನ್ನು ಒಂದೇ ದಿಕ್ಕಿಗೆ ವಾಲಿಸುವ ಒಂದು ಬಲವಿದೆ, ಅದನ್ನು ಡಿ ಎಂದು ಕರೆಯುತ್ತಾರೆ. ಡಿ 1 ಇಟ್ಟರೆ ಸುಳಿ ಕುಗ್ಗಿ ಇಲ್ಲವಾಗುತ್ತದೆ. 4 ದಾಟಿಸಿದರೆ ಸುಳಿಯೇ ಹಿಗ್ಗಿ, ಪರದೆಯ ತುಂಬ ಹೆಬ್ಬೆರಳ ಗುರುತಿನಂಥ ಗೆರೆಗಳು. 3ರಲ್ಲಿ ದುಂಡಗೆ ನಿಲ್ಲುತ್ತದೆ. ಗೆರೆಗಳು ಯಾವಾಗ ಶುರುವಾಗಬೇಕು ಎಂಬುದಕ್ಕೆ ಒಂದು ಸೂತ್ರವಿದೆ, ನನ್ನ ಅಂಕಿಗಳಿಗೆ ಅದು ಸುಮಾರು 3.8 ಎನ್ನುತ್ತದೆ. ಪ್ರೋಗ್ರಾಮ್ ಏನು ಹೇಳುತ್ತದೆ ಎಂದು ನೋಡುವ ಮೊದಲು ಆ ಲೆಕ್ಕವನ್ನು ಕೈಯಲ್ಲಿ ಮಾಡಿಟ್ಟುಕೊಳ್ಳುವುದನ್ನು ಈಗ ರೂಢಿ ಮಾಡಿಕೊಂಡಿದ್ದೇನೆ. ಪಿಎಚ್.ಡಿ. ಸಂದರ್ಶನಕ್ಕೆ ಒಂದು ಕಡೆಯಿಂದ ಕರೆ ಬಂದಿದೆ, ಅದೇ ವಾರ ಒಂದು ಬ್ಯಾಂಕ್ ಪರೀಕ್ಷೆಯೂ ಇದೆ. ಅಪ್ಪ ಏನೂ ಹೇಳಿಲ್ಲ. ಅಡಿಕೆಗೆ ಮದ್ದು ಬಿಡಲು ಮಳೆ ಬಿಡುವು ಕೊಡುತ್ತಿಲ್ಲ ಎಂಬ ಚಿಂತೆಯಲ್ಲಿ ಅವರಿದ್ದಾರೆ.

ಆಟಿ ತಿಂಗಳು ಶುರುವಾಗಿದೆ. ಮದುವೆಗಳಿಲ್ಲ, ಗೆಳೆಯನ ಕಂಪ್ಯೂಟರ್ ಹಗಲೂ ಖಾಲಿ. ಕರೆಂಟ್ ಮಾತ್ರ ಗಂಟೆಗೊಮ್ಮೆ ಹೋಗುತ್ತದೆ, ಅದಕ್ಕೆ ಹತ್ತು ನಿಮಿಷಕ್ಕೊಮ್ಮೆ ಫೈಲ್ ಉಳಿಸುವಂತೆ ಒಂದು ಸಾಲು ಸೇರಿಸಿದ್ದೇನೆ. ನಾಳೆ ಬೆಳಿಗ್ಗೆ ಬೆಳ್ಳಾರೆ ದಾರಿಯ ಬಸ್ಸು ಹಿಡಿದು ಸುಳ್ಯಕ್ಕೆ ಹೋಗಬೇಕು. 3.6ರಿಂದ 4.0ರವರೆಗೆ ಸ್ವಲ್ಪ ಸ್ವಲ್ಪ ಏರಿಸುತ್ತಾ ನೋಡುವುದು ಬಾಕಿಯಿದೆ.